ಕಲಾಯಿ ನಿಲ್ಲದ ಪಾತ್ರೆ

ನಮ್ಮ ಮನೆಯ ಕಾಫಿ ಬಾಯ್ಲರನ್ನು ನೋಡಲೆಂದೇ ಜನ ಬರುತ್ತಿದ್ದರು. ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ. ಹೋಟೆಲಿನಲ್ಲಿ ಇರಬೇಕಾದ ಸಾಮಾನು ಅಡಿಗೆಮನೆಯಲ್ಲಿ ಇದ್ದದ್ದು ಬಳ್ಳಾರಿಯ ನಮ್ಮ ಓಣಿಯಲ್ಲಿ ನಮ್ಮ ಮನೆಯೊಂದರಲ್ಲೇ. ನಮ್ಮ ಮಾವನವರು ಹತ್ತಿ ವ್ಯಾಪಾರಕ್ಕೆಂದು ಮದರಾಸಿಗೆ ಹೋಗಿ ಬಂದು ಮಾಡುತ್ತಿದ್ದವರು. ಅಲ್ಲಿ ಕಾಫಿಯ ರುಚಿ ಹತ್ತಿ, ಒಬ್ಬ ಕಂಚುಗಾರನಿಗೆ ಹೇಳಿ ಮನೆಗೆ ಸಾಕಾಗುವಷ್ಟು ಸಣ್ಣದೊಂದು ಹಿತ್ತಾಳೆಯ ಬಾಯ್ಲರ್ ಮಾಡಿಸಿ, ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ಮಕ್ಕಳನ್ನು ಎಂದೂ ಎತ್ತಿಕೊಳ್ಳದ ಮನುಷ್ಯ ಅದನ್ನು ಮಾತ್ರ ಮಗುವಿನ ಹಾಗೆ ಹಿಡಿದುಕೊಂಡು ಬಂದರು ಎಂದು ನನ್ನ ಗಂಡ ಹೇಳುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಆ ಮನೆಗೆ ಆ ಬಾಯ್ಲರ್ ಹಾಗಿತ್ತು.

ಅದರ ಕೆಳಗೆ ಇದ್ದಲು ತುಂಬುವ ಕುಂಡ, ಅದರ ಮೇಲೆ ನೀರು ಕಾಯುವ ದುಂಡನೆಯ ಹೊಟ್ಟೆ, ಆ ಹೊಟ್ಟೆಗೊಂದು ಕೊಳಾಯಿ. ನೆತ್ತಿಯಲ್ಲಿ ಎರಡು ಬಾಯಿಗಳು. ಒಂದರಲ್ಲಿ ಕಾಫಿಪುಡಿಯ ಫಿಲ್ಟರು ಕೂರುತ್ತಿತ್ತು, ಇನ್ನೊಂದರಲ್ಲಿ ಹಾಲಿನ ಪಾತ್ರೆ. ನೀರಿನ ಹಬೆಗೆ ಹಾಲು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ಬಿಸಿಯಾಗಿಯೇ ಇರುತ್ತಿತ್ತು. ಉಕ್ಕುವುದಿಲ್ಲ, ಸೀಯುವುದಿಲ್ಲ. ಬಂದವರು ಇದನ್ನು ನೋಡಿಯೇ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ನಾನು ಆ ಬಾಯ್ಲರಿನ ಬಗ್ಗೆ ಹೇಳಬೇಕಾದರೆ ನನ್ನ ಮೊದಲ ಮಗನ ಬಗ್ಗೆಯೂ ಹೇಳಬೇಕು. ಅವನು ಎರಡು ವರ್ಷ ತುಂಬುವ ಮುಂಚೆ ಹೋದ. ನನ್ನ ಮೊಲೆ ಬಿಟ್ಟ ಮೇಲೆ ಅವನು ಕುಡಿದ ಹಾಲೆಲ್ಲ ಆ ಪಾತ್ರೆಯದೇ.

ನನ್ನ ತವರು ಸಿರುಗುಪ್ಪ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮದುವೆಯಾಗಿ ಬಳ್ಳಾರಿಗೆ ಬಂದೆ. ಮನೆಯಲ್ಲಿ ಅತ್ತೆ ಇರಲಿಲ್ಲ, ನಾನು ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವರು ಮಾವನವರ ತಂಗಿ. ಕುರುಗೋಡಿಗೆ ಕೊಟ್ಟಿದ್ದರು, ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದು, ನನ್ನ ಗಂಡನನ್ನು ತಾಯಿಯ ಹಾಗೆ ಸಾಕಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಓಣಿಯವರೆಲ್ಲ ಅತ್ತೆಮ್ಮ ಅನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ.

ಅತ್ತೆಮ್ಮ ಕಾಫಿ ಕುಡಿಯುತ್ತಿರಲಿಲ್ಲ. ವಾಸನೆಗೇ ಮುಖ ತಿರುಗಿಸುತ್ತಿದ್ದರು. ಆದರೆ ಬಾಯ್ಲರಿಗೆ ಇನ್ನೊಬ್ಬರ ಕೈ ಹತ್ತಗೊಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಮ್ಮೆ ಫಿಲ್ಟರು ತೊಳೆಯಲು ಕೈ ಹಾಕಿ ಬೈಸಿಕೊಂಡೆ. ಬೈದದ್ದಕ್ಕಿಂತ ಹೆಚ್ಚಾಗಿ, ನಾನು ತೊಳೆದಿಟ್ಟದ್ದನ್ನು ನನ್ನ ಕಣ್ಣೆದುರಿಗೇ ಮತ್ತೆ ತೊಳೆದರಲ್ಲ, ಅದು ನನ್ನ ಮೈ ಉರಿಸಿತು. ಹೋಗಲಿ, ಮಾಡಿಕೊಳ್ಳಲಿ, ನನಗೇನು ಎಂದು ಸುಮ್ಮನಾದೆ. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಹಾಗೇ ಇದೆ.

ಅವರ ಕೆಲಸ ನೋಡಬೇಕಿತ್ತು. ಫಿಲ್ಟರಿನ ತಳದ ತೂತುಗಳಿಗೆ ಕಸಬರಿಗೆಯ ಕಡ್ಡಿ ಸೀಳಿ ಒಂದೊಂದಾಗಿ ಚುಚ್ಚಿ ಬೆಳಕಿಗೆ ಹಿಡಿದು ನೋಡುವರು. ಬಳ್ಳಾರಿಯ ಬಾವಿ ನೀರು ನಿಮಗೆ ಗೊತ್ತಿದೆ, ಬೇಳೆ ಬೇಯುವುದಿಲ್ಲ, ಕಾಯಿಸಿದ ಪಾತ್ರೆಯೊಳಗೆ ಗೋಡೆಗೆ ಬಳಿದ ಹಾಗೆ ಸುಣ್ಣ ಕಟ್ಟುತ್ತದೆ. ಆ ಸುಣ್ಣ ಬಿಡಿಸಲು ಬಾಯ್ಲರಿನ ಹೊಟ್ಟೆಯಲ್ಲಿ ಹುಣಸೆಹಣ್ಣಿನ ನೀರು ಕುದಿಸಿ, ಆರಿದ ಮೇಲೆ ಕೈ ಇಳಿಸಿ, ಉಗುರಿನಲ್ಲಿ ಕೆರೆದು ತೆಗೆಯುವರು. ಕೊಳಾಯಿಯ ತಿರುಪಿಗೆ ಎಣ್ಣೆಬತ್ತಿ ಸುತ್ತುವರು. ಕಡೆಗೆ ಹೊರಮೈಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ಕುಳ್ಳಿನ ಬೂದಿ. ಬಿಸಿಲಿಗಿಟ್ಟರೆ ಕಣ್ಣು ಕುಕ್ಕುತ್ತಿತ್ತು. ಬಂದವರು ಬಂಗಾರದ ಹಾಗಿದೆ ಅಂದರೆ, ಅತ್ತೆಮ್ಮ ಸೆರಗಿನಿಂದ ಇನ್ನೊಮ್ಮೆ ಒರೆಸುವರು.

ಹಿತ್ತಾಳೆ ಪಾತ್ರೆಗೆ ಒಳಗಡೆ ತವರದ ಕಲಾಯಿ ಇರಬೇಕು. ಇಲ್ಲದಿದ್ದರೆ ಕಿಲುಬು ಕಟ್ಟುತ್ತದೆ, ಹಾಕಿದ್ದು ವಿಷವಾಗುತ್ತದೆ. ಇದು ಅತ್ತೆಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಹುಳಿ, ಮಜ್ಜಿಗೆ, ಉಪ್ಪಿನಕಾಯಿ ಯಾವುದನ್ನೂ ನಾವು ಹಿತ್ತಾಳೆಯಲ್ಲಿ ಇಡುತ್ತಿರಲಿಲ್ಲ. ಆದರೆ ಹಾಲಿಗೆ ಈ ದೋಷವಿಲ್ಲ ಎಂದು ಎಲ್ಲರೂ ನಂಬಿದ್ದರು. ಹಾಲು ಹುಳಿಯಲ್ಲ, ಹಾಲು ಅಮೃತ, ಅದಕ್ಕೆ ಕಿಲುಬು ಹತ್ತುವುದಿಲ್ಲ. ಇದನ್ನು ಯಾರು ಹೇಳಿದರು ಎಂದು ಕೇಳಿದರೆ ಯಾರೂ ಇಲ್ಲ, ಹಿಂದಿನಿಂದ ಬಂದದ್ದು, ಅಷ್ಟೇ.

ಕೌಲ್ ಬಜಾರಿನ ಕಡೆಯಿಂದ ಒಬ್ಬ ಸಾಬರು ವರ್ಷಕ್ಕೆರಡು ಸಲ ಬಂದು ಓಣಿಯ ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಹೂಡಿ ಕೂರುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ತಾಕಿಸಿ, ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ ಬಳಿದಂತಾಗುವುದು. ಆ ಪಾತ್ರೆಗಳು ಮನೆಗೆ ಬಂದ ಮೇಲೆ ಅತ್ತೆಮ್ಮನ ಕೆಲಸ ಶುರುವಾಗುತ್ತಿತ್ತು. ಇನ್ನೊಬ್ಬರ ಕೈ, ಇನ್ನೊಬ್ಬರ ಬೆಂಕಿ, ಇನ್ನೊಬ್ಬರ ಅರಿವೆ ತಾಕಿದ್ದು. ಹಾಗೇ ಒಲೆಯ ಮೇಲೆ ಏರಿಸುವುದುಂಟೆ? ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ ಒಳಗೂ ಹೊರಗೂ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ, ಬಿಸಿಲಿಗಿಟ್ಟು, ಮೇಲೆ ವಿಭೂತಿ ಹಚ್ಚಿದರೆ ಮೈಲಿಗೆ ಹೋಯಿತು. ಮೈಲಿಗೆಯ ಜೊತೆಗೆ ಕಲಾಯಿಯೂ ಹೋಗುತ್ತಿತ್ತು. ಮದರಾಸಿನಲ್ಲಿ ಯಾರು ಕೊಟ್ಟ ಕಾಫಿಯನ್ನೂ ಬಿಡದ ನಮ್ಮ ಮಾವನವರು, ಮನೆಯಲ್ಲಿ ಈ ಮಡಿಯನ್ನು ನೋಡಿಯೂ ನೋಡದವರಂತೆ ಇರುತ್ತಿದ್ದರು.

ಮೊದಲು ತವರ ದಪ್ಪಗೆ ಹಾಕುತ್ತಿದ್ದರು, ಎಷ್ಟು ತಿಕ್ಕಿದರೂ ಒಂದಿಷ್ಟು ಉಳಿಯುತ್ತಿತ್ತು. ಯುದ್ಧ ಬಂದು ಮಲಯಾದ ತವರ ನಿಂತಿತು. ಸಕ್ಕರೆ ಇಲ್ಲ, ಸೀಮೆಎಣ್ಣೆ ಇಲ್ಲ, ತವರವೆಲ್ಲಿಂದ ಬರಬೇಕು? ಸಾಬರು ಬರುವುದೇ ಅಪರೂಪವಾಯಿತು. ಬಂದರೂ ಹಾಲಿನ ಮೇಲಿನ ಕೆನೆಯಷ್ಟು ತೆಳ್ಳಗೆ ಹಾಕಿ ಹೋಗುವರು. ಅತ್ತೆಮ್ಮನ ಕೈ ಮಾತ್ರ ಮೊದಲಿನ ಹಾಗೇ ತಿಕ್ಕುತ್ತಿತ್ತು. ಎರಡು ಅಮಾವಾಸ್ಯೆ ಕಳೆಯುವಷ್ಟರಲ್ಲಿ ಹಾಲಿನ ಪಾತ್ರೆಯ ಒಳಗೆಲ್ಲ ಹಳದಿ. ಒಂದು ಸಲ ಸಾಬರು ಅದನ್ನು ನೋಡಿ ತಮ್ಮ ಕೆಲಸವನ್ನು ಹೀಗೆ ನೀರಿಗೆ ಹಾಕಿದರೆ ಹೇಗೆ ಎಂದು ಬೇಜಾರು ಮಾಡಿಕೊಂಡರು. ಅತ್ತೆಮ್ಮ ಕೂಲಿಯ ಮೇಲೆ ಒಂದು ಸೇರು ಜೋಳ ಹೆಚ್ಚಿಗೆ ಹಾಕಿ ಕಳಿಸಿದರು. ತಿಕ್ಕುವುದನ್ನು ಬಿಡಲಿಲ್ಲ.

ಯುದ್ಧ ಮುಗಿದ ವರ್ಷ ನನಗೆ ಗಂಡುಮಗು ಹುಟ್ಟಿತು. ಸಿರುಗುಪ್ಪದಲ್ಲಿ ಬಾಣಂತನ ಮುಗಿಸಿ ಬಳ್ಳಾರಿಗೆ ಬಂದಾಗ ಅತ್ತೆಮ್ಮ ಬಾಗಿಲಿಗೆ ಬಂದು ಕೂಸನ್ನು ಇಸಿದುಕೊಂಡರು. ಇಸಿದುಕೊಂಡವರು ಮತ್ತೆ ಕೊಡಲೇ ಇಲ್ಲ ಅನ್ನಬೇಕು. ಹಾಲಿಗೆ ಮಾತ್ರ ನನ್ನ ಹತ್ತಿರ. ಎರೆಯುವುದು, ಕಾಡಿಗೆ ಹಚ್ಚುವುದು, ಮಲಗಿಸುವುದು ಎಲ್ಲ ಅವರದೇ. ಒಂದೊಂದು ಸಲ ಹೊಟ್ಟೆಕಿಚ್ಚಾಗುತ್ತಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಕೂಸು ಅತ್ತೆಮ್ಮನನ್ನು ಕಂಡರೆ ಎರಡೂ ಕೈ ಚಾಚುತ್ತಿತ್ತು. ಮಕ್ಕಳಿಲ್ಲದ ಹೆಂಗಸಿನ ಮುಖ ಆಗ ಹೇಗಾಗುತ್ತಿತ್ತು ಎಂದರೆ, ನೋಡಿದವರಿಗೆ ಸಿಟ್ಟು ಇಟ್ಟುಕೊಳ್ಳಲಾಗುತ್ತಿರಲಿಲ್ಲ.

ಕೂಸಿಗೆ ಏಳೆಂಟು ತಿಂಗಳಾದಾಗ ನನಗೆ ಚಳಿಜ್ವರ ಬಂತು. ಕ್ವಿನೈನು ಕುಡಿದು ಕುಡಿದು ಕಿವಿ ಗುಂಯ್‌ಗುಟ್ಟಿ, ಮೈ ಸೊರಗಿ, ಎದೆ ಹಾಲು ಬತ್ತಿತು. ಅತ್ತೆಮ್ಮ ಒಂದು ಕರೀ ಆಕಳನ್ನು ಹುಡುಕಿ ತರಿಸಿದರು. ಎದುರಿಗೆ ಕೂತು ಕರೆಸುವರು, ಒಂದು ಹನಿ ನೀರು ಬೀಳಗೊಡುತ್ತಿರಲಿಲ್ಲ. ಕರೆದ ಹಾಲು ನೇರ ಬಾಯ್ಲರಿನ ಪಾತ್ರೆಗೆ. ಕೂಸಿಗೆ ಆರಿದ ಹಾಲು ಕೊಡಬಾರದು, ಅತ್ತ ಗಳಿಗೆಗೆ ಒಳಲೆಯಿಂದ ಬಿಸಿ ಹಾಲು ಬಾಯಿಗೆ ಬೀಳಬೇಕು. ಅದಕ್ಕಾಗಿ ಮಾವನವರ ಕಾಫಿಗೆ ಹಾಲು ಬೇರೆ ತೆಗೆದು, ಆ ಪಾತ್ರೆಯನ್ನು ಕೂಸಿಗೇ ಮೀಸಲು ಮಾಡಿದರು. ದಿನಕ್ಕೆ ಎರಡು ಸಲ ಒಳಗೆ ಹುಣಸೆಹಣ್ಣು ಹಾಕಿ ತಿಕ್ಕುವರು. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಪಾತ್ರೆ ಇನ್ನೊಂದಿರಲಿಲ್ಲ. ಜ್ವರದಲ್ಲಿ ಮಲಗಿ ನೋಡುತ್ತಿದ್ದ ನನಗೆ, ನಾನು ಸತ್ತರೂ ಈ ಕೂಸಿಗೆ ಯಾವ ಕೊರತೆಯೂ ಆಗುವುದಿಲ್ಲ ಎಂದು ಧೈರ್ಯವಾಗುತ್ತಿತ್ತು.

ಜ್ವರ ಬಿಟ್ಟು ನಾನು ಎದ್ದು ಓಡಾಡುವ ಹೊತ್ತಿಗೆ ಕೂಸಿಗೆ ನಡೆಯುವ ವಯಸ್ಸು. ಆದರೆ ಅದು ನಡೆಯಲಿಲ್ಲ. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬಂತು. ರಾತ್ರಿ ಹಗಲು ರಚ್ಚೆ. ಹೊಟ್ಟೆಯ ಬಲಗಡೆ ಕೈಯಿಟ್ಟರೆ ಹಲಗೆಯ ಅಂಚಿನ ಹಾಗೆ ಏನೋ ಗಟ್ಟಿ ಸಿಗುತ್ತಿತ್ತು. ವೈದ್ಯರಿಗೆ ತೋರಿಸಿದರೆ ಲಿವರು ಬೆಳೆದಿದೆ ಅಂದರು. ಹೆಸರು ಮಾತ್ರ ಎಲ್ಲರಿಗೂ ಗೊತ್ತು, ಮದ್ದು ಯಾರಿಗೂ ಗೊತ್ತಿಲ್ಲ. ಆ ಕಾಲಕ್ಕೆ ಬಳ್ಳಾರಿಯಲ್ಲಿ ನಮ್ಮಂಥ ಎಷ್ಟೋ ಮನೆಗಳಲ್ಲಿ ಆ ರೋಗಕ್ಕೆ ಕೂಸುಗಳು ಹೋಗುತ್ತಿದ್ದವು. ಉಂಡುಟ್ಟು ಇರುವ ಮನೆಗಳಲ್ಲೇ, ಹಾಲು ಹೈನ ಇರುವ ಮನೆಗಳಲ್ಲೇ. ಮಣ್ಣಿನ ಗಡಿಗೆಯಲ್ಲಿ ಗಂಜಿ ಕಾಯಿಸುವವರ ಮಕ್ಕಳು ಬೇರೆ ಯಾವುದಕ್ಕಾದರೂ ಹೋಗುತ್ತಿದ್ದವು, ಇದಕ್ಕಲ್ಲ. ಅದನ್ನು ಯಾರೂ ಕೂತು ಯೋಚಿಸಲಿಲ್ಲ. ದೃಷ್ಟಿ ಅಂದರು, ಗಾಳಿ ಅಂದರು, ನನ್ನ ಹಾಲಿನ ದೋಷ ಅಂದರು.

ಅತ್ತೆಮ್ಮ ಕುರುಗೋಡಿಗೆ ಕರೆದುಕೊಂಡು ಹೋದರು. ಪೆಟ್ರೋಲು ಸಿಗದ ಕಾಲದ ಇದ್ದಲಿನ ಬಸ್ಸು, ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ದೊಡ್ಡ ಬಸವಣ್ಣನ ಮುಂದೆ ಕೂಸನ್ನು ಮಲಗಿಸಿ ಹರಕೆ ಹೊತ್ತರು, ಕೂಸು ಎದ್ದು ಓಡಾಡುವ ತನಕ ತಾವು ಒಂದೇ ಹೊತ್ತು ಉಣ್ಣುತ್ತೇನೆ ಎಂದು. ಆಮೇಲೆ ಅವರ ಗಂಡನ ಮನೆಯ ಕಡೆಯ ಒಬ್ಬ ಮುದುಕಿಯ ಹತ್ತಿರ ಹೊಟ್ಟೆಗೆ ಬರೆ ಹಾಕಿಸಿದರು. ಸೂಜಿ ಕೆಂಪಗೆ ಕಾಯಿಸಿ ಹೊಟ್ಟೆಯ ಗಡ್ಡೆಯ ಮೇಲೆ ಗೀರುವುದು. ನಾನು ಕೂಸಿನ ಕಾಲು ಹಿಡಿದಿದ್ದೆ, ಅವರು ಕೈ ಹಿಡಿದಿದ್ದರು. ಆ ಕಿರುಚಾಟದ ಬಗ್ಗೆ ನಾನು ಬರೆಯುವುದಿಲ್ಲ. ಬಳ್ಳಾರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದರು.

ಬರೆಯಿಂದ ಏನೂ ಆಗಲಿಲ್ಲ. ನನ್ನ ತಾಯಿ ಸಿರುಗುಪ್ಪದಿಂದ ಬಂದವಳು ಕೂಸನ್ನು ನೋಡಿ, ಸ್ವಲ್ಪ ದಿನ ಹೊಳೆಯ ಗಾಳಿ ಬೀಸಲಿ ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ತವರಿನಲ್ಲಿ ಹಿತ್ತಾಳೆ ಹಬ್ಬಕ್ಕೆ ಮಾತ್ರ ಹೊರಬರುತ್ತಿತ್ತು. ದಿನದ ಹಾಲು ಮಣ್ಣಿನ ಗಡಿಗೆಯಲ್ಲಿ, ಕುಳ್ಳಿನ ಕೆಂಡದ ಮೇಲೆ. ಕೂಸಿಗೂ ಅದೇ ಹಾಲು. ದಿನಗಳು ಕಳೆದಂತೆ ಕೂಸಿನ ರಚ್ಚೆ ಕಡಿಮೆಯಾಯಿತು. ರಾತ್ರಿ ನಿದ್ದೆ ಮಾಡತೊಡಗಿತು. ಹೊಳೆಯಿಂದ ಗದ್ದೆಗೆ ನೀರು ಹೋಗುವ ಹಳೇ ಕಾಲುವೆಯ ಹತ್ತಿರ ಎತ್ತಿಕೊಂಡು ಹೋದರೆ, ಬೆಳ್ಳಕ್ಕಿ ಕಂಡು ಕೈ ತೋರಿಸಿ ಏನೋ ಅಂದಿತು. ಆ ಮಾತು ಕೇಳಿ ನಾನು ಕಾಲುವೆಯ ಏರಿಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಮಗ ಉಳಿಯುತ್ತಾನೆ ಅನ್ನಿಸಿತು. ಎಷ್ಟೋ ತಿಂಗಳ ಮೇಲೆ ಹಾಗನ್ನಿಸಿದ್ದು.

ಆ ಸುದ್ದಿಯನ್ನು ನನ್ನ ಅಪ್ಪ ಬಳ್ಳಾರಿಗೆ ಮುಟ್ಟಿಸಿದ. ಸುದ್ದಿ ಕೇಳಿದ ಅತ್ತೆಮ್ಮ ಅಲ್ಲಿ ಕೂರಲಾರದೆ ಬಸ್ಸು ಹತ್ತಿ ಬಂದುಬಿಟ್ಟರು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಬಿಳೀ ಪಂಚೆಯಲ್ಲಿ ಸುತ್ತಿದ ಹಾಲಿನ ಪಾತ್ರೆ. ಬಾಯ್ಲರಿನಿಂದ ಅದೊಂದನ್ನು ಬಿಚ್ಚಿ ತಂದಿದ್ದರು. ದಾರಿಯ ಧೂಳು ಹತ್ತಬಾರದೆಂದು ಮಡಿಲಲ್ಲಿಟ್ಟುಕೊಂಡೇ ಬಂದರಂತೆ. ನಮ್ಮ ಮನೆಯ ಮಣ್ಣಿನ ಗಡಿಗೆ ನೋಡಿ ಅವರ ಮುಖ ಸಣ್ಣಗಾಯಿತು. ನನ್ನ ತಾಯಿಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದರು:

“ಮಣ್ಣಿನ ಗಡಿಗಿ ತೊಳದ್ರ ಶುದ್ಧ ಆಗಂಗಿಲ್ಲ ಬೀಗಿತ್ತಿ. ಹಳೀ ಹಾಲು ಒಳಗ ಹೀರಿಕೊಂಡಿರತೈತಿ. ಬ್ಯಾನಿ ಬಿದ್ದು ಎದ್ದ ಕೂಸು. ಇನ್ನ ಮ್ಯಾಲೆ ಇದರಾಗ ಕಾಸಿ ಕುಡಸೂಣು.”

ನನ್ನ ತಾಯಿ ಸರಿ ಅಂದಳು. ದೊಡ್ಡ ಮನೆಯ ಬೀಗಿತ್ತಿ ಖುದ್ದು ಪಾತ್ರೆ ಹೊತ್ತು ತಂದಿದ್ದಾರೆ, ಬೇಡ ಅನ್ನುವುದು ಹೇಗೆ? ಬೇಡ ಅನ್ನಲು ನಮಗೆ ಕಾರಣವಾದರೂ ಏನು ಗೊತ್ತಿತ್ತು? ಅತ್ತೆಮ್ಮ ಹಿತ್ತಲಲ್ಲಿ ಕೂತು, ಬಂದ ಆಯಾಸ ಆರುವ ಮೊದಲೇ, ಹುಣಸೆಹಣ್ಣು ಕೇಳಿ ಇಸಿದುಕೊಂಡು ಪಾತ್ರೆ ತಿಕ್ಕಿದರು. ಸಂಜೆಯಿಂದ ಕೂಸಿಗೆ ಅದರದೇ ಹಾಲು.

ಆ ಮಳೆಗಾಲ ಮುಗಿಯುವ ಮೊದಲು ಕೂಸಿನ ಕಣ್ಣುಗಳು ಹಳದಿಯಾದವು. ಹೊಟ್ಟೆಯಲ್ಲಿ ನೀರು ತುಂಬಿತು. ಬಳ್ಳಾರಿಗೆ ಕರೆತಂದೆವು. ಕಡೆಯ ದಿನ ಅದು ಅಳಲೂ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಗಂಡ ಅದನ್ನು ಎದೆಗೊತ್ತಿಕೊಂಡು ಮಣ್ಣಿಗಿಡಲು ಹೋದರು. ಅವರ ಹಿಂದೆ ಮಾವನವರು ಬರಿಗಾಲಿನಲ್ಲಿ ಹೋದರು. ನಾನು ಬಾಗಿಲಿನವರೆಗೆ ಮಾತ್ರ ಹೋದೆ.

ಸೂತಕ ಕಳೆದ ದಿನ ಹಿತ್ತಲಿನಲ್ಲಿ ತಿಕ್ಕುವ ಸಪ್ಪಳ ಕೇಳಿತು. ಸೂತಕದ ಮನೆಯ ಪಾತ್ರೆಗಳೆಲ್ಲ ಶುದ್ಧವಾಗಬೇಕಲ್ಲ. ಅತ್ತೆಮ್ಮ ಬಾಯ್ಲರನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಹಾಲಿನ ಪಾತ್ರೆಯೊಳಗೆ ಕೈ ಹಾಕಿ, ಅಳುತ್ತಾ, ಮೂಗೊರೆಸಿಕೊಳ್ಳುತ್ತಾ ತಿಕ್ಕುತ್ತಿದ್ದರು. ನಾನು ಹೋಗಿ ಪಾತ್ರೆ ಕಸಿದುಕೊಂಡು ಗೋಡೆಗೆ ಬೀಸಿ ಒಗೆದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮಗ ಸತ್ತರೂ ನಿಮಗೆ ಹಿತ್ತಾಳೆಯ ಹೊಳಪೇ ಹೆಚ್ಚಾಯಿತು ಎಂದೂ ಅಂದೆ. ಅವರು ಎದ್ದು ಹೋಗಿ ಪಾತ್ರೆ ತಂದು, ಸೊಟ್ಟಗಾದ ಕಂಠವನ್ನು ಕಲ್ಲಿಗಿಟ್ಟು ಬಡಿದು ಸರಿ ಮಾಡಿ, ಮತ್ತೆ ತಿಕ್ಕಲು ಕೂತರು.

ಆಮೇಲೆ ಕೆಲವು ವರ್ಷ ಆ ಮನೆಯಲ್ಲಿ ಏನೂ ನಡೆಯಲಿಲ್ಲ. ಅಂದರೆ ಹೊರಗೆ ಎಲ್ಲ ನಡೆಯಿತು. ಬ್ರಿಟಿಷರು ಹೋದರು, ತವರ ಮತ್ತೆ ಪೇಟೆಗೆ ಬಂತು, ಬಳ್ಳಾರಿ ಆಂಧ್ರಕ್ಕೆ ಹೋಗಬೇಕೋ ಮೈಸೂರಿಗೆ ಹೋಗಬೇಕೋ ಎಂದು ಚೌಕದಲ್ಲಿ ಜನ ಕೈ ಕೈ ಮಿಲಾಯಿಸಿದರು. ನಾನು ಬೆಳಗಾದರೆ ಕಸ ಗುಡಿಸಿದೆ, ರೊಟ್ಟಿ ಬಡಿದೆ. ಅತ್ತೆಮ್ಮ ಬಾಯ್ಲರ್ ತೊಳೆದರು. ಕೂಸು ಎದ್ದು ಓಡಾಡಲಿಲ್ಲವಲ್ಲ, ಹರಕೆ ತೀರಲಿಲ್ಲ, ಅದಕ್ಕೆ ಒಂದೇ ಹೊತ್ತು ಉಣ್ಣುವುದನ್ನು ಅವರು ಬಿಡಲೇ ಇಲ್ಲ. ನಾವಿಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದೆವು.

ಆ ಗಲಾಟೆಯ ಕಾಲದಲ್ಲೇ ನನಗೆ ಹೆಣ್ಣುಮಗು ಹುಟ್ಟಿತು. ಈ ಸಲ ಆರು ತಿಂಗಳಿಗೇ ನನ್ನ ಹಾಲು ಸಾಲದಾಯಿತು. ಅತ್ತೆಮ್ಮ ನನ್ನನ್ನು ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಾಯ್ಲರಿನ ಮೇಲೆ ಕೂಸಿನ ಹಾಲು ಏರಿತ್ತು. ಪಾತ್ರೆಗೆ ಹೊಸ ಕಲಾಯಿ ಹಾಕಿಸಿದ್ದರು. ಹಾಕಿಸಿ, ಮೈಲಿಗೆ ಕಳೆಯಲು ತಿಕ್ಕಿಯೂ ಆಗಿತ್ತು. ಅದನ್ನು ಇಳಿಸಿಬಿಡಿ ಅನ್ನಬೇಕೆನ್ನಿಸಿತು. ಆದರೆ ಕಾರಣ ಕೊಡಲು ನನ್ನ ಹತ್ತಿರ ಏನಿತ್ತು? ಪಾತ್ರೆ ನೋಡಿದರೆ ನನಗೆ ಸತ್ತ ಮಗ ನೆನಪಾಗುತ್ತಾನೆ ಅನ್ನಬೇಕಿತ್ತು. ಅವರಿಗೂ ಅದೇ ನೆನಪಾಗುತ್ತಿತ್ತು. ಅದಕ್ಕೇ ಅವರು ಇನ್ನಷ್ಟು ತಿಕ್ಕುತ್ತಿದ್ದರು.

ಹುಡುಗಿಗೆ ವರ್ಷ ತುಂಬುವ ಹೊತ್ತಿಗೆ, ಒಂದು ದಿನ ಎಣ್ಣೆ ಹಚ್ಚುವಾಗ ನನ್ನ ಕೈಗೆ ಹೊಟ್ಟೆಯ ಬಲಗಡೆ ಆ ಅಂಚು ಸಿಕ್ಕಿತು. ಇನ್ನೊಮ್ಮೆ ಒತ್ತಿ ನೋಡಲು ಧೈರ್ಯ ಬರಲಿಲ್ಲ. ಬರೆಯೂ ಬೇಡ, ಹರಕೆಯೂ ಬೇಡ ಎಂದು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮದರಾಸಿನಲ್ಲಿ ಓದಿ ಆಗತಾನೆ ಊರಿಗೆ ಬಂದಿದ್ದ ಒಬ್ಬ ಡಾಕ್ಟರ ಹತ್ತಿರ ಹೊರಟೆ. ಅತ್ತೆಮ್ಮ ಕೇಳದೆಯೇ ಜಟಕಾ ಹತ್ತಿದರು. ದಾರಿಯುದ್ದಕ್ಕೂ ಕೂಸಿನ ಪಾದ ಹಿಡಿದುಕೊಂಡು ಕೂತಿದ್ದರು.

ಡಾಕ್ಟರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವ ಮನುಷ್ಯ. ಹೊಟ್ಟೆ ಮುಟ್ಟಿ ನೋಡಿದರು, ಏನು ಕುಡಿಸುತ್ತೀರಿ ಎಂದು ಕೇಳಿದರು, ಯಾವುದರಲ್ಲಿ ಕಾಯಿಸುತ್ತೀರಿ ಎಂದು ಕೇಳಿದರು. ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆಮ್ಮ ಉತ್ತರ ಕೊಟ್ಟರು. ಅವರಿಗೆ ಗೊತ್ತಿದ್ದ ವಿಷಯ, ಹೆಮ್ಮೆಯ ವಿಷಯ.

“ಹಿತ್ತಾಳಿ ಪಾತ್ರಿ ರೀ. ಮುಂಜಾನಿಂದ ಸಂಜೀತನ ಅದರಾಗ ಬಿಸಿ ಇರತೈತಿ. ದಿನಾ ಎಲ್ಡು ಸರ್ತಿ ಒಳಗ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ. ಕಲಾಯಿ ಹಾಕಿಸಿದಾಗಂತೂ ಬೆಳ್ಳಗಿರಾದೆಲ್ಲಾ ಹೋಗೋತನ ತಿಕ್ಕತೀನ್ರಿ.”

ಡಾಕ್ಟರು ಅವರ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಹಾಲು ಬಿಸಿಯಾಗಿ ಬರೀ ಹಿತ್ತಾಳೆಯಲ್ಲಿ ಹೊತ್ತುಗಟ್ಟಲೆ ಇದ್ದರೆ ಲೋಹದ ವಿಷ ಹಾಲಿಗೆ ಇಳಿಯುತ್ತದೆ ಎಂದು ತಮಗೆ ಅನುಮಾನ. ಪುಸ್ತಕದಲ್ಲಿ ಹೀಗೆ ಬರೆದಿಲ್ಲ, ಖಾತ್ರಿ ಕೊಡಲಾರೆ. ಆದರೆ ತಾವು ನೋಡಿದ ಇಂಥ ಕೂಸುಗಳ ಮನೆಗಳಲ್ಲೆಲ್ಲ ಹಿತ್ತಾಳೆಯೇ. ಇವತ್ತಿನಿಂದ ಆ ಪಾತ್ರೆ ಬಿಡಿ, ಇನ್ನೂ ತಡವಾಗಿಲ್ಲ, ಕೂಸು ಉಳಿಯಬಹುದು. ಮತ್ತೆ ನನ್ನ ಕಡೆ ತಿರುಗಿ, ಮನೆಯಲ್ಲಿ ಬೇರೆ ಯಾವ ಕೂಸಾದರೂ ಆ ಪಾತ್ರೆಯ ಹಾಲು ಕುಡಿದಿತ್ತೇ ಎಂದು ಕೇಳಿದರು. ನಾನು, ಹೌದು, ಒಂದು ಗಂಡು ಕೂಸು ಅಂದೆ.

ಜಟಕಾದಲ್ಲಿ ಅತ್ತೆಮ್ಮ ಕೂಸನ್ನು ಮುಟ್ಟಲಿಲ್ಲ. ಮನೆ ಮುಟ್ಟಲಿ, ಬಾಗಿಲು ಹಾಕಿಕೊಂಡು ಈ ಹೆಂಗಸನ್ನು ಕೇಳಬೇಕು, ನನ್ನ ಮಗನನ್ನು ಕೊಡಿ ಎಂದು ಕೇಳಬೇಕು ಅಂದುಕೊಂಡೆ. ಸಿರುಗುಪ್ಪದ ಬಾಗಿಲಿನಲ್ಲಿ ಅವರು ಪಾತ್ರೆ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು. ಮನೆ ಮುಟ್ಟಿದ ಮೇಲೆ ಅವರು ಅಡಿಗೆಮನೆಗೆ ಹೋಗಲಿಲ್ಲ. ಬಾಯ್ಲರಿನ ಇದ್ದಲು ತಾನೇ ಆರಿತು. ಸಂಜೆ ಮಾವನವರು ಬಂದು ಕಾಫಿ ಕೇಳಿದರು, ಯಾರೂ ಏಳಲಿಲ್ಲ. ಅವರಿಗೆ ನಾನೇ ವಿಷಯ ಹೇಳಿದೆ. ಅವರು ಗೋಡೆಗೊರಗಿ ಕೂತವರು ದೀಪ ಹಚ್ಚಿದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಮ್ಮ ಬಟ್ಟೆಯ ಗಂಟು ಕಟ್ಟಿದರು. ಕುರುಗೋಡಿಗೆ ಹೋಗುತ್ತೇನೆ ಅಂದರು. ಮಾವನವರು ಬೇಡ ಅಂದರು, ನನ್ನ ಗಂಡ ಕಾಲು ಹಿಡಿದರು, ಕೇಳಲಿಲ್ಲ. ನಾನು ಮಾತ್ರ ಇರಿ ಅನ್ನಲಿಲ್ಲ. ಕೂಸನ್ನು ಸೊಂಟಕ್ಕೆತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಅವರು ಹೊಸ್ತಿಲು ದಾಟುವಾಗ ನಿಂತು, ನನ್ನ ಮುಖ ನೋಡದೆ ಕೇಳಿದರು:

“ಯವ್ವಾ, ಕಡೀ ಕಡೀಕ ಆ ಗಂಡು ಕೂಸು ಹಾಲು ಬ್ಯಾಡಂತ ಬಾಯಿ ಬಿಗಿ ಹಿಡಿತಿತ್ತು. ನೀನು ಮಕ್ಕೊಂಡಿರತಿದ್ದಿ. ನಾನು ಮೂಗು ಹಿಡಿದು ಒಳಲಿಲೆ ಹಾಕತಿದ್ದೆ. ಅದಕ್ಕ ಗೊತ್ತಾಗಿತ್ತೇನು?”

ಹಿಂದಿನ ದಿನದಿಂದ ಕೂಡಿಸಿಟ್ಟುಕೊಂಡ ಮಾತುಗಳೆಲ್ಲ ನನ್ನ ನಾಲಿಗೆಯ ಮೇಲಿದ್ದವು. ಒಂದೂ ಆಡಲಾಗಲಿಲ್ಲ. “ಕೂಸಿಗೆ ಏನು ಗೊತ್ತಿರತೈತ್ರಿ ಅತ್ತೆಮ್ಮ,” ಅಂದೆ. ಅವರು ತಲೆಯಾಡಿಸಿ ಇಳಿದು ಹೋದರು. ನನ್ನ ಮಗಳು ಅವರ ಹಿಂದೆ ಕೈ ಚಾಚಿ ಅಳತೊಡಗಿದಳು.

ಮಗಳು ಉಳಿದಳು. ಅವಳ ಹೊಟ್ಟೆ ಇಳಿಯಲು ತಿಂಗಳುಗಳೇ ಹಿಡಿದವು, ಆದರೆ ಇಳಿಯಿತು. ನಡೆಯಲು ಕಲಿತ ಮೇಲೆ ಅವಳನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ನನ್ನ ಸಿಟ್ಟು ಇಳಿದಿತ್ತು ಎಂದಲ್ಲ. ಒಂದು ಕೂಸಾದರೂ ನಡೆಯುವುದನ್ನು ಆ ಹೆಂಗಸು ನೋಡಲಿ ಅನ್ನಿಸಿತು. ಅತ್ತೆಮ್ಮ ನಮಗೆ ಅಂಗಳದಲ್ಲಿ ಚಾಪೆ ಹಾಸಿದರು. ಪಕ್ಕದ ಮನೆಯಿಂದ ಹಾಲು ತರಿಸಿದರು, ಕಾಯಿಸಿದ ಹಾಲನ್ನೇ ತರಿಸಿದರು, ಲೋಟವೂ ಆ ಮನೆಯದೇ. ಹುಡುಗಿ ಅವರ ತೊಡೆಯ ಮೇಲೆ ಹತ್ತಿ ಕೂತು ಬಾಯಿ ತೆರೆದಳು. ಅವರು ಅವಳನ್ನು ಎತ್ತಿ ನನ್ನ ಮುಂದೆ ಕೂರಿಸಿ, ಲೋಟವನ್ನು ನನ್ನ ಕಡೆ ಸರಿಸಿದರು.

“ನೀನ ಕುಡಸವ್ವ,” ಅಂದು ಎದ್ದು ಹಿತ್ತಲಿಗೆ ಹೋದರು. ಹುಡುಗಿ ಹಾಲು ಕುಡಿದು ಮುಗಿಸಿದ ಮೇಲೆ ನಾನು ಕರೆಯುವವರೆಗೂ ಅಂಗಳಕ್ಕೆ ಬರಲಿಲ್ಲ.